ಗುಂಪು ಕೂಡದ ಬಂದೂಕು

ನಾನು ಮದುವೆಯಾಗಿ ಬೆಟಗೇರಿಯಿಂದ ಶಿರಹಟ್ಟಿಗೆ ಬಂದ ಹೊಸದರಲ್ಲಿ ಆ ಮನೆಯಲ್ಲಿ ಎಲ್ಲದರ ಬಗ್ಗೆಯೂ ಮಾತು ನಡೆಯುತ್ತಿತ್ತು. ಶೇಂಗಾದ ಧಾರಣೆ, ಎತ್ತಿನ ಹಲ್ಲು, ಬೀಗರ ಕುಂದುಕೊರತೆ, ಹೊಸ ಸೊಸೆಯ ದಪ್ಪ ರೊಟ್ಟಿ, ಯಾವುದಕ್ಕೂ ಅಡ್ಡಿ ಇರಲಿಲ್ಲ. ಮಾವನವರ ಗುರಿಯ ಮಾತು ಮಾತ್ರ ಬರಕೂಡದು. ಬಂದರೆ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ನೀರು ಬೇಕೇನು ಎಂದು ಎಲ್ಲರನ್ನೂ ಕೇಳುತ್ತಿದ್ದರು. ನೀರು ಕೇಳಿದರೆಂದರೆ ಬಾಯಿ ಮುಚ್ಚಿರಿ ಎಂದು ಅರ್ಥ.

ಮಾವನವರ ಬಳಿ ಒಂದು ರೈಫಲ್ ಇತ್ತು. ಸಂಸ್ಥಾನದ ಕಾಲದಲ್ಲಿ ಅವರ ಅಜ್ಜನಿಗೆ ಬಂದದ್ದು. ಮನೆಯವರು ಅದನ್ನು ಬಂದೂಕ ಎಂದೇ ಕರೆಯುತ್ತಿದ್ದರು. ಕಾನೂನು ಬಂದು ಬೇಟೆ ನಿಂತಮೇಲೆ ಅದಕ್ಕೆ ವರ್ಷವಿಡೀ ಕೆಲಸವಿರಲಿಲ್ಲ. ದಸರೆಯಲ್ಲಿ ಮಾತ್ರ ಒಂದು ಗುಂಡು ಹಾರಬೇಕು. ನವಮಿಗೆ ಆಯುಧಗಳ ಖಂಡೇ ಪೂಜೆ ಮಾಡಿ, ಮರುದಿನ ಸಂಜೆ ಬನ್ನಿಗೆ ಹೊರಡುವ ಮೊದಲು, ಹಿತ್ತಲಿನ ಆಚೆಗಿನ ಹಳ್ಳದ ಈ ದಂಡೆಯಲ್ಲಿ ನಿಂತು ಆ ಕಡೆಯ ದಿಬ್ಬದ ಕಲ್ಲಿನ ಮೇಲಿಟ್ಟ, ಸುಣ್ಣ ಬಳಿದ ತೆಂಗಿನಕಾಯಿಯನ್ನು ಮನೆಯ ಯಜಮಾನ ಹೊಡೆಯಬೇಕು. ಒಂದೇ ಗುಂಡು. ದೂರ ನನ್ನ ಲೆಕ್ಕದಲ್ಲಿ ಇನ್ನೂರು ಗಜಕ್ಕೆ ತುಸು ಕಡಿಮೆ. ಓಣಿಯವರ ಲೆಕ್ಕದಲ್ಲಿ ಅರ್ಧ ಮೈಲು.

ಮಾವನವರು ಇಪ್ಪತ್ತು ಚಿಲ್ಲರೆ ವರ್ಷ ಆ ಕಾಯಿಯನ್ನು ಒಡೆದವರು. ಆಮೇಲೆ ಒಂದು ವರ್ಷ ತಪ್ಪಿತು. ಮುಂದಿನ ವರ್ಷ ಮತ್ತೆ ತಪ್ಪಿತು. ನಾನು ಬಂದ ವರ್ಷ ನಾನೇ ಕಣ್ಣಾರೆ ನೋಡಿದೆ: ಗುಂಡು ಕಾಯಿಯಿಂದ ಒಂದು ಮಾರು ಆಚೆ ಮಣ್ಣೆಬ್ಬಿಸಿತು. ನೆರೆದವರಲ್ಲಿ ಯಾರೋ ಮೆಲ್ಲಗೆ, "ಅರವತ್ತಕ್ಕ ಅರಳು ಮರಳು ಅಂತಾರಲ್ಲ," ಅಂದ. ಮಾವನವರಿಗೆ ಇನ್ನೂ ಅರವತ್ತಾಗಿರಲಿಲ್ಲ. ಅವರು ಬಂದೂಕನ್ನು ಒರೆಸಿ ದೇವರ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ, ಬನ್ನಿ ಕೊಡಲು ಕೂಡ ಹೋಗದೆ ಮಲಗಿಬಿಟ್ಟರು.

ಅದು ಅಲ್ಲಿಗೇ ಮುಗಿದಿದ್ದರೆ ಮುಗಿಯಲಿ ಅನ್ನಬಹುದಿತ್ತು. ಆದರೆ ಆ ಮನುಷ್ಯ ಒಂದು ಕಾಯಿ ತಪ್ಪಿದ್ದಕ್ಕೆ ತಾನೇ ಮುದುಕನಾಗಲು ಹೊರಟಿದ್ದರು. ಮೋಟಾರ್‌ಸೈಕಲ್ ಹತ್ತುವುದನ್ನು ಬಿಟ್ಟರು. ಮುಂಡರಗಿಯ ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳುವುದರಲ್ಲಿ ಅವರ ಮಾತೇ ಕಡೆಯ ಮಾತು. ಅಲ್ಲಿಗೂ ಹೋಗುವುದನ್ನು ಬಿಟ್ಟರು. ಗದಗಿನ ಕಣ್ಣಿನ ಡಾಕ್ಟರು ದೂರದ ನೋಟ ಚೆನ್ನಾಗಿಯೇ ಇದೆ, ಓದಲು ಮಾತ್ರ ಚಾಳೀಸು ಸಾಕು ಎಂದರೂ ನಂಬಲಿಲ್ಲ. ಹೊಳೆದಂಡೆಯ ಕೊರ್ಲಹಳ್ಳಿಯಲ್ಲಿದ್ದ ನಮ್ಮ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುತ್ತೇನೆ, ನನಗಿನ್ನು ಓಡಾಡಿ ನೋಡಿಕೊಳ್ಳಲು ಆಗದು ಅನ್ನತೊಡಗಿದರು. ಆ ಚಳಿಗಾಲದ ಒಂದು ಸಂಜೆ ಊಟಕ್ಕೆ ಕೂತಾಗ, "ಬರೋ ದಸರಾದಾಗ ತಪ್ಪಿದ್ರ ಬಂದೂಕ ಠಾಣೆಗೆ ಒಪ್ಪಿಸಿ ಬರ್ತೀನಿ. ಕುರುಡನ ಕೈಯಾಗ ಅದ್ಯಾಕ?" ಎಂದರು.

ಅತ್ತೆ ನೀರಿನ ತಂಬಿಗೆ ಹಿಡಿದು ಎದ್ದರು. ನಾನು ಅದಕ್ಕೂ ಮೊದಲು ಬಾಯಿ ಬಿಟ್ಟೆ.

"ಬಂದೂಕದ ಗುಂಪು ನೋಡೀರೇನ್ರಿ?" ಅಂದೆ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮದುವೆಯ ಹಿಂದಿನ ದಿನ ನಮ್ಮಪ್ಪ, "ಅಲ್ಲಿ ಹೋಗಿ ಒಂದು ವರ್ಷನಾದ್ರೂ ತುಟಿ ಹೊಲಕೊಂಡಿರು," ಎಂದು ಕೈ ಮುಗಿದು ಹೇಳಿದ್ದ. ಮೂರು ತಿಂಗಳಿಗೇ ಹೊಲಿಗೆ ಬಿಚ್ಚಿತು. ನನ್ನ ಗಂಡ ತಟ್ಟೆ ನೋಡುತ್ತ ಕೂತ. ಗದಗಿನ ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವ ಅವನಿಗೆ ಬಂದೂಕಿನ ಸದ್ದೆಂದರೆ ಆಗದು. ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಪೈಕಿ.

ನಾನು ಆ ಮಾತನ್ನು ಗಾಳಿಯಲ್ಲಿ ಗುಂಡು ಹೊಡೆದ ಹಾಗೆ ಆಡಿರಲಿಲ್ಲ. ಎಪ್ಪತ್ತರ ದಶಕದ ನಡುವೆ ಗದಗಿನಲ್ಲಿ ಕಾಲೇಜು ಓದುವಾಗ ನಾನು ಹುಡುಗಿಯರ ಕೆಡೆಟ್ ಪಡೆಯಲ್ಲಿದ್ದೆ. ಸೇರಿದ್ದು ಖಾಕಿ ಬಟ್ಟೆಯ ಆಸೆಗೆ ಮತ್ತು ಕವಾಯತಿನ ಮೇಲೆ ಕೊಡುತ್ತಿದ್ದ ಬಿಸಿ ಪೂರಿಯ ಆಸೆಗೆ. ನಾಗಾವಿ ಕಡೆಯ ಗುಡ್ಡದ ಬುಡಕ್ಕೆ ನಮ್ಮನ್ನು ಲಾರಿಯಲ್ಲಿ ಕರೆದೊಯ್ದು ಸಣ್ಣ ಗುಂಡಿನ ರೈಫಲ್‌ನಿಂದ ಹೊಡೆಸುತ್ತಿದ್ದರು. ಕಲಿಸುತ್ತಿದ್ದ ಹವಾಲ್ದಾರರು ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಬೈಯುತ್ತಿದ್ದರು. ಮೊದಲ ದಿನ ನನ್ನ ಪಕ್ಕದವಳ ಒಂದು ಗುಂಡು ಸರಿಯಾಗಿ ನಡುವಿನ ಕಪ್ಪು ಚುಕ್ಕೆಗೆ ಬಿತ್ತು. ಉಳಿದ ನಾಲ್ಕು ಕಾಗದದ ನಾಲ್ಕು ಮೂಲೆಗೆ ಹೋಗಿದ್ದವು. ನಾವು ಚಪ್ಪಾಳೆ ತಟ್ಟಿದೆವು. ನನ್ನವು ಐದೂ ಕೆಳಗಿನ ಎಡಮೂಲೆಯಲ್ಲಿ, ಒಂದು ಪೂರಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ನಾನು ಮೋರೆ ಸಣ್ಣದು ಮಾಡಿಕೊಂಡು ನಿಂತಿದ್ದೆ. ಹವಾಲ್ದಾರರು ನನ್ನ ಕಾಗದವನ್ನು ಎತ್ತಿ ಹಿಡಿದು, "ಇದು ಶೂಟಿಂಗ್. ಅದು ಲಾಟರಿ," ಎಂದರು.

ಅವರು ಕಲಿಸಿದ್ದು ಇಷ್ಟೇ. ಒಂದು ಗುಂಡು ಎಲ್ಲಿಗೆ ಬಿತ್ತು ಎಂಬುದರಿಂದ ಬಂದೂಕಿನ ಯೋಗ್ಯತೆ ಗೊತ್ತಾಗುವುದಿಲ್ಲ. ಒಂದೇ ಕಡೆ ಗುರಿಯಿಟ್ಟು ಐದು ಹೊಡೆಯಬೇಕು. ಮೊದಲನೆಯದು ಬಲಕ್ಕೆ ಹೋಯಿತೆಂದು ಎರಡನೆಯದಕ್ಕೆ ಎಡಕ್ಕೆ ಸರಿಯಬಾರದು. ಐದೂ ಮುಗಿದ ಮೇಲೆ ತೂತುಗಳ ನಡುವಿನ ಅಂತರ ನೋಡಬೇಕು. ತೂತುಗಳು ಒತ್ತಾಗಿ ಗುಂಪು ಕೂಡಿದ್ದರೆ ಬಂದೂಕು ಒಳ್ಳೆಯದು. ಗುಂಪು ಬೇರೆ ಕಡೆ ಬಿದ್ದಿದ್ದರೆ, ಗುರಿ ನೋಡಲು ನಳಿಗೆಯ ಮೇಲೆ ಕೂರಿಸಿದ ಗುರಿಯ ಕಬ್ಬಿಣವನ್ನು ತುಸು ಸರಿಸಿ ನಡುವಿಗೆ ತರಬಹುದು. ಚೆಲ್ಲಾಪಿಲ್ಲಿಯಾಗಿದ್ದರೆ ಏನು ಸರಿಸಿದರೂ ಬರುವುದಿಲ್ಲ. ಹತ್ತಿರದಲ್ಲಿ ಎರಡು ಬೆರಳು ಅಗಲದ ಗುಂಪು ಅದರ ದುಪ್ಪಟ್ಟು ದೂರದಲ್ಲಿ ನಾಲ್ಕು ಬೆರಳಾಗುತ್ತದೆ. ಅದಕ್ಕೇ ದೂರ ಹೊಡೆಯುವವರು ಮೊದಲು ಹತ್ತಿರದಲ್ಲಿ ಗುಂಪು ನೋಡುತ್ತಾರೆ.

ಇದನ್ನೆಲ್ಲ ನಾನು ಆ ಸಂಜೆ ಊಟದ ತಟ್ಟೆಯ ಮೇಲೆ ಉಪ್ಪಿನಕಾಯಿ ಹೋಳು ಜೋಡಿಸಿ ತೋರಿಸಿದೆ. ವರ್ಷಕ್ಕೆ ಒಂದೇ ಗುಂಡು ಹಾರಿಸಿ ಕಣ್ಣು ಹೋಯಿತು ಅನ್ನುವುದು ಯಾವ ನ್ಯಾಯ ಎಂದೆ. ಮಾವನವರು ನಕ್ಕರು. ಆ ಮನೆಯಲ್ಲಿ ನಾನು ನೋಡಿದ ಅವರ ಮೊದಲ ನಗು ಅದು.

"ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದ್ಲಂತ," ಎಂದರು. "ನಾ ಹಂಗ ಅನ್ನಾಂವ ಅಲ್ಲವಾ ಯವ್ವಾ. ಇಪ್ಪತ್ತು ವರ್ಷ ಅದ ಬಂದೂಕದಾಗ ಹೊಡದೇನಿ."

"ನೆಲ ಡೊಂಕ ಇದ್ರ ಡೊಂಕ ಅನ್ನಬೇಕಲ್ರಿ?" ಅಂದೆ.

ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಅನ್ನ ಸುರಿದರು.

ಚಳಿಗಾಲ ಕಳೆಯುವವರೆಗೂ ನಾನು ಹಟ ಬಿಡಲಿಲ್ಲ. ಬೇಸಿಗೆಯಲ್ಲಿ ಮಾವನವರೂ ನಾನೂ ಕೊರ್ಲಹಳ್ಳಿಗೆ ಹೋದೆವು. ಲಾವಣಿಗೆ ಕೊಡುವ ಮುಂಚೆ ಹೊಲದ ಬದು ನೋಡಿ ಬರುತ್ತೇನೆ ಎಂದು ಮಾವನವರು ಮನೆಯಲ್ಲಿ ಹೇಳಿದ್ದರು. ಬಂದೂಕನ್ನು ಜಮಖಾನೆಯಲ್ಲಿ ಸುತ್ತಿ ತಂದಿದ್ದರು. ಹೊಳೆಯ ನೀರು ಇಳಿದು ಉಸುಕು ಮೈಲುಗಟ್ಟಲೆ ಬಿದ್ದಿತ್ತು. ಒಂದು ಕಡೆ ಎತ್ತರದ ಕರಿ ಮಣ್ಣಿನ ದಂಡೆ ಗೋಡೆಯಂತೆ ನಿಂತಿತ್ತು. ತಪ್ಪಿದ ಗುಂಡನ್ನು ನುಂಗಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ದೀಪದ ಕಾಡಿಗೆಯಿಂದ ದುಂಡಗೆ ಚುಕ್ಕೆ ಬಳಿದು, ಗೋಣಿಚೀಲಕ್ಕೆ ಅಂಟಿಸಿ, ನೂರು ಗಜದಲ್ಲಿ ಕಟ್ಟಿದೆವು. ಶೇಂಗಾದ ಚೀಲಗಳಿಗೆ ಉಸುಕು ತುಂಬಿ ಬಂದೂಕಿಗೆ ದಿಂಬು ಮಾಡಿದೆ.

ನಳಿಗೆಯನ್ನು ಚೀಲದ ಮೇಲಿಡಬಾರದು, ನಳಿಗೆಯ ಕೆಳಗಿರುವ ಬಂದೂಕಿನ ಕಟ್ಟಿಗೆಯ ಭಾಗವನ್ನು ಇಡಬೇಕು ಎಂದೆ. ಎಣ್ಣೆ ಹಚ್ಚಿದ ನಳಿಗೆಯ ಮೊದಲ ಗುಂಡು ಲೆಕ್ಕಕ್ಕಿಲ್ಲ, ಅದನ್ನು ದಂಡೆಗೆ ಹೊಡೆಯಿರಿ ಎಂದೆ. ಪ್ರತಿ ಗುಂಡಿನ ನಡುವೆ ನಳಿಗೆ ಆರಲಿ ಎಂದೆ. ಮಾವನವರು ಒಂದೊಂದಕ್ಕೂ, "ಆತವಾ," ಎಂದು ತಲೆಯಾಡಿಸಿದರು. ಅಷ್ಟು ದೊಡ್ಡ ಮನುಷ್ಯ ಉಸುಕಿನಲ್ಲಿ ಹೊಟ್ಟೆ ಊರಿ ಮಲಗಿ ಸೊಸೆಯ ಅಪ್ಪಣೆಗೆ ಕಾಯುವುದನ್ನು ಓಣಿಯವರು ನೋಡಿದ್ದರೆ ಹೊಸ ಲಾವಣಿ ಪದವನ್ನೇ ಕಟ್ಟುತ್ತಿದ್ದರು.

ಐದು ಗುಂಡು ಹೊಡೆದರು. ಹೋಗಿ ನೋಡಿದರೆ ತೂತುಗಳು ಒಂದು ಮೊರದಷ್ಟು ಅಗಲಕ್ಕೆ ಚೆಲ್ಲಿದ್ದವು. ಒಂದಂತೂ ಕಾಗದದ ಹೊರಗೇ ಹೋಗಿತ್ತು.

"ನೋಡಿದೆಲ್ಲ," ಎಂದರು. ಅವರ ಮುಖ ನೋಡಲಾಗದೆ ನಾನು ಕಾಗದ ಬದಲಾಯಿಸಿದೆ.

ಆಮೇಲೆ ನಾನು ಮಲಗಿದೆ. ಸೀರೆಯ ಸೆರಗನ್ನು ಬಿಗಿದು ಕಟ್ಟಿ, ಉಸಿರು ಅರ್ಧ ಬಿಟ್ಟು ಹಿಡಿದು, ಕಲಿಸಿದ ಹಾಗೆಯೇ ಐದು ಹೊಡೆದೆ. ಹೆಗಲಿಗೆ ಕತ್ತೆ ಒದ್ದ ಹಾಗಾಯಿತು. ಕಾಲೇಜಿನ ಸಣ್ಣ ಬಂದೂಕಲ್ಲ ಅದು. ಆದರೂ ಪ್ರತಿ ಸಲ ಗುರಿ ನೆಟ್ಟಗಿತ್ತು ಎಂದು ನನಗೆ ಖಾತ್ರಿ ಇತ್ತು. ಓಡಿಹೋಗಿ ನೋಡಿದೆ. ನನ್ನವೂ ಒಂದು ಮೊರದಷ್ಟು ಚೆಲ್ಲಿದ್ದವು.

ಮಾವನವರಿಗೆ ಎಲ್ಲಿಲ್ಲದ ಖುಷಿಯಾಯಿತು. "ಕಾಲೇಜಿನ್ಯಾಗ ಇದನ್ನ ಕಲಿಸಿದ್ರೇನು ನಿನಗ?" ಎಂದು ತೊಡೆ ತಟ್ಟಿ ನಕ್ಕರು.

ನನಗೆ ಸಿಟ್ಟು ಮೂಗಿನ ಮೇಲೆ ಬಂತು. ನನ್ನ ಗುಂಪು ಎಂದೂ ಪೂರಿಗಿಂತ ದೊಡ್ಡದಾಗಿರಲಿಲ್ಲ. ಉಸುಕನ್ನು ಒದ್ದು ಎರಡು ಹೆಜ್ಜೆ ಹೋದವಳಿಗೆ ತಲೆಯಲ್ಲಿ ಬೆಳಕಾಯಿತು. ತಿರುಗಿ ಬಂದು ಎರಡೂ ಕಾಗದಗಳನ್ನು ಒಂದರ ಮೇಲೊಂದು ಹಿಡಿದು ಬಿಸಿಲಿಗೆ ತೋರಿಸಿದೆ. "ನಿಮಗ ಕಣ್ಣು ಹೋಗ್ಯಾವ ಅಂತೀರಿ. ನನಗ ಇಪ್ಪತ್ತೆರಡು. ನನಗೂ ಹೋಗ್ಯಾವೇನ್ರಿ?" ಎಂದೆ.

ಅವರ ನಗು ನಿಂತಿತು. ಕಾಗದಗಳನ್ನು ಬಹಳ ಹೊತ್ತು ನೋಡಿದರು. ಬೇರೆ ಬೇರೆ ಕಣ್ಣು, ಬೇರೆ ಬೇರೆ ಕೈ, ಚೆಲ್ಲಿದ್ದು ಮಾತ್ರ ಒಂದೇ ಥರ.

ಅಲ್ಲೇ ಚೀಲದ ಮೇಲೆ ಬಂದೂಕಿಟ್ಟು ಹುಡುಕಲು ಕೂತೆವು. ತಿರುಪುಗಳು ಬಿಗಿಯಾಗಿದ್ದವು. ಮುಂದಿನ ಗುರಿಯ ಕಬ್ಬಿಣ ಅಲುಗಲಿಲ್ಲ. ಹಿಂದಿನಿಂದ ನೋಡಿದರೆ ನಳಿಗೆಯ ಒಳಗು ಕನ್ನಡಿಯ ಹಾಗಿತ್ತು. ಮಾವನವರು ಅದನ್ನು ವರ್ಷಕ್ಕೊಮ್ಮೆ ತಾವೇ ಸರಳಿಗೆ ಬಟ್ಟೆ ಸುತ್ತಿ ತಿಕ್ಕುತ್ತಿದ್ದರು. ಕೊನೆಗೆ ನನಗೆ ಹವಾಲ್ದಾರರ ಇನ್ನೊಂದು ಪಾಠ ನೆನಪಾಯಿತು: ನಳಿಗೆಯ ತುಟಿ. ಗುಂಡು ಹೊರಬೀಳುವಾಗ ಕಡೆಯದಾಗಿ ಮುಟ್ಟುವುದು ಆ ಅಂಚನ್ನು. ತಂಬಿಗೆಯ ಕಂಠ ನೆಗ್ಗಿದರೆ ನೀರು ನೆಟ್ಟಗೆ ಬೀಳುತ್ತದೆಯೇ? ಹಾಗೆಯೇ ಅಂಚು ಒಂದು ಕಡೆ ಕೆಟ್ಟರೆ ಹಿಂದಿನಿಂದ ಒತ್ತುವ ಹೊಗೆ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಹತ್ತಿರದಲ್ಲಿ ತುಸು, ದೂರದಲ್ಲಿ ಬಹಳ.

ಗುಂಡು ತೆಗೆದ ಬಂದೂಕಿನ ಬಾಯಿಯ ಸುತ್ತ ಒಂದು ಹತ್ತಿಯ ಎಳೆಯನ್ನು ಆಡಿಸಿದೆ. ನಮ್ಮ ಕಡೆ ಯಾರ ಬೊಕ್ಕಣದಲ್ಲಾದರೂ ಒಂದು ಎಳೆ ಹತ್ತಿ ಇದ್ದೇ ಇರುತ್ತದೆ. ಮುಕ್ಕಾಲು ಸುತ್ತು ನುಣ್ಣಗೆ ಹೋಗಿ ಬಲಗಡೆ ಬಂದಾಗ ಎಳೆ ಸಿಕ್ಕಿಕೊಂಡಿತು. ಮತ್ತೆ ಆಡಿಸಿದೆ. ಮತ್ತೆ ಅಲ್ಲೇ. ಮಾವನವರು ಚಾಳೀಸನ್ನು ಕೈಯಲ್ಲಿ ಹಿಡಿದು ಭೂತಗನ್ನಡಿ ಮಾಡಿ ನೋಡಿದರು. ಅಂಚಿನಲ್ಲಿ ಸಿಡುಬಿನ ಕಲೆಗಳ ಹಾಗೆ ಕಂದು ಕುಳಿಗಳಿದ್ದವು.

"ಇದೆಲ್ಲಿಂದ ಬಂತು?" ಎಂದರು. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಬೆಟಗೇರಿಯಲ್ಲಿ. ಅಲ್ಲಿ ಪರವಾನಗಿ ಇಟ್ಟುಕೊಂಡು ಬಂದೂಕು ರಿಪೇರಿ ಮಾಡುವ ಒಬ್ಬರಿದ್ದರು. ತವರಿಗೆ ಹೋಗುವ ನೆಪ ನನ್ನದು, ಕಣ್ಣಿನ ಡಾಕ್ಟರ ನೆಪ ಮಾವನವರದು. ರಿಪೇರಿಯವರು ಬಾಯಿಯನ್ನು ದೀಪಕ್ಕೆ ಹಿಡಿದು ನೋಡಿ, ಅಂಚನ್ನು ತುಸು ಕೊಯ್ದು ಹೊಸದಾಗಿ ದುಂಡಗೆ ಮಾಡಿಕೊಡುತ್ತೇನೆ ಎಂದರು. ಆಮೇಲೆ ಸುಮ್ಮನೆ ಕೇಳಿದರು:

"ಇದಕ್ಕ ಏನೋ ಹುಳಿ ಹತ್ತಿ ತಿಂದೈತ್ರಿ. ಏನರ ಬಿದ್ದಿತ್ತೇನು?"

ಹುಳಿ ಅಂದ ಕೂಡಲೆ ನನ್ನ ಕಣ್ಣ ಮುಂದೆ ದೇವರ ಕೋಣೆಯ ಮೂಲೆ ಬಂದು ನಿಂತಿತು. ಬಾಯಿ ಮೇಲೆ ಮಾಡಿ ಬಲಕ್ಕೆ ವಾಲಿಸಿ ನಿಲ್ಲಿಸಿದ ಬಂದೂಕು. ಅದರ ತುದಿಗೆ ಚುಚ್ಚಿದ ನಿಂಬೆಹಣ್ಣು.

ಅದು ಅತ್ತೆಯ ಕೆಲಸ. ಗಂಡನ ಗುರಿಗೆ ದೃಷ್ಟಿ ತಾಗದಿರಲಿ ಎಂದು ಅವರು ಖಂಡೇ ಪೂಜೆಗೆ ಬಂದೂಕಿನ ಬಾಯಿಗೆ ನಿಂಬೆಹಣ್ಣು ಚುಚ್ಚುತ್ತಿದ್ದರು. ಅದೂ ಅಂಗಡಿಯ ಹಣ್ಣಲ್ಲ. ಲಕ್ಷ್ಮೇಶ್ವರದ ಅವರ ತವರುಮನೆಯ ಹಿತ್ತಲಿನ ಗಿಡದ್ದು. ಮೊದಲು ಒಂದು ರಾತ್ರಿ ಇಡುತ್ತಿದ್ದರಂತೆ. ಮಾವನವರ ಹೆಸರು ಬೆಳೆದ ಹಾಗೆ ದೃಷ್ಟಿಯ ಭಯವೂ ಬೆಳೆದು ನವರಾತ್ರಿಯ ಮೊದಲ ದಿನ ಘಟ್ಟ ಹಾಕಿದಾಗಿನಿಂದಲೇ ಇಡತೊಡಗಿದರು. ಗುರಿ ತಪ್ಪಿದ ಮೇಲಂತೂ ದಸರೆ ಕಳೆದು ಬರುವ ಶೀಗಿ ಹುಣ್ಣಿಮೆಯವರೆಗೂ ತೆಗೆಯುತ್ತಿರಲಿಲ್ಲ. ಒಂದು ಒಣಗಿದರೆ ಇನ್ನೊಂದು. ಚುಚ್ಚುವ ಮೊದಲು ತುದಿಯನ್ನು ದೇವರ ದೀಪದ ಸಮೆ ತಿಕ್ಕಿದ ಹಾಗೆ ಇಟ್ಟಂಗಿ ಪುಡಿ ಹಾಕಿ ತಿಕ್ಕಿ ಥಳಥಳ ಮಾಡುತ್ತಿದ್ದರು. ನಾನೇ ಮೊದಲ ದಸರೆಯಲ್ಲಿ ಅವರಿಗೆ ಹಣ್ಣು ತೊಳೆದು ಕೊಟ್ಟಿದ್ದೆ.

"ನಿಂಬಿ..." ಎಂದು ನಾನು ಬಾಯಿ ತೆರೆದೆ. ಮಾವನವರು ನನ್ನ ಕಾಲನ್ನು ತಮ್ಮ ಚಪ್ಪಲಿಯಿಂದ ತುಳಿದರು.

"ಬ್ಯಾಟರಿ ನೀರು ಬಿದ್ದಿತ್ರಿ," ಎಂದು ರಿಪೇರಿಯವರಿಗೆ ಹೇಳಿದರು. "ಟ್ರ್ಯಾಕ್ಟರದ್ದು."

ನಮ್ಮ ಮನೆಯಲ್ಲಿ ಆಗ ಟ್ರ್ಯಾಕ್ಟರೇ ಇರಲಿಲ್ಲ.

ಬಂದೂಕನ್ನು ಅಲ್ಲೇ ಬಿಟ್ಟು ಶಿರಹಟ್ಟಿ ಬಸ್ಸು ಹತ್ತಿದೆವು. ಮುಳಗುಂದ ದಾಟುವವರೆಗೂ ನಾನು ಮಾತಾಡಲಿಲ್ಲ. ನನಗೆ ಅದು ಬಹಳ. ಆಮೇಲೆ ತಡೆಯಲಾಗದೆ ಕೇಳಿದೆ: "ನಿಮಗ ಊರ ಮಂದಿ ಕುರುಡ ಅಂತಾರ. ನೀವ ನಿಮಗ ಕುರುಡ ಅಂತೀರಿ. ಖರೆ ಏನಂತ ಗೊತ್ತಾತಲ್ರಿ ಈಗ? ಹೇಳಾಕ ಏನು?"

"ಯಾರಿಗೆ ಹೇಳಲಿ?"

"ಎಲ್ಲಾರಿಗೂ. ಮನ್ಯಾಗ ಮೊದಲ."

ಅವರು ಕಿಟಕಿಯ ಹೊರಗೆ ಎರೆಹೊಲ ನೋಡುತ್ತ ಕೂತಿದ್ದರು. ಅಲ್ಲಿಂದ ಮುಖ ತಿರುಗಿಸದೆಯೇ ಹೇಳಿದರು: "ನಿಮ್ಮತ್ತಿ ಲಗ್ನ ಆಗಿ ಬಂದಾಗಿಂದ ನನ್ನ ಸಲುವಾಗಿ ಒಂದ ಮಾಡ್ಯಾಳ ಅಂತ ತಿಳದಿಯೇನು? ವಾರಕ್ಕೆರಡು ಉಪಾಸ. ನಾ ತಡಾ ಮಾಡಿ ಬಂದ್ರ ಬಾಗಲದಾಗ ಕುಂತಿರ್ತಾಳ. ಅಷ್ಟು ಮಾಡಿದಾಗ ಇದೊಂದು ಕೆಟ್ಟೈತಿ. ನೀನ ಕೆಡಿಸಿದಿ ಅಂತ ಹೆಂಗ ಹೇಳಲಿ? ಆಕಿ ತವರಮನಿ ಹಣ್ಣು ಅದು. ಇನ್ನ ಮುಂದ ದೇವರ ಮುಂದ ಹಣ್ಣು ಇಡಾಕೂ ಕೈ ನಡಗತೈತಿ ಆಕಿಗೆ."

"ಹಂಗಾದ್ರ ಮಂದಿ ನಿಮಗ ಕುರುಡ ಅಂತಾನ ಇರ್ಲೇನು?"

"ಅನ್ಲಿ. ಊರ ಬಾಯಿ ಮುಚ್ಚಾಕ ಮುಚ್ಚಳ ಎಲ್ಲಿಂದ ತರಲಿ? ನೀ ಮಾತ್ರ ಮನ್ಯಾಗ ಹೇಳಬ್ಯಾಡ."

ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಒಂದು ತೆಂಗಿನಕಾಯಿಗಾಗಿ ಊಟ ನಿದ್ದೆ ಬಿಟ್ಟ ಮನುಷ್ಯ, ತಪ್ಪು ತನ್ನದಲ್ಲ ಎಂದು ಗೊತ್ತಾದ ದಿನವೇ ಅದನ್ನು ತನ್ನ ಮೇಲೇ ಉಳಿಸಿಕೊಂಡು ಮನೆಗೆ ಹೊರಟಿದ್ದರು. ನನ್ನ ಗಂಡ ನನಗಾಗಿ ಇಷ್ಟು ಮಾಡುತ್ತಾನೆಯೇ ಎಂದು ಯೋಚಿಸಿದೆ. ಅವನ ಪುಣ್ಯ, ಅವನಿಗೆ ಸುಳ್ಳು ಹೇಳಲು ಬಾರದು.

ಮಳೆಗೆ ಮುಂಚೆ ಬಂದೂಕು ತಿರುಗಿ ಬಂತು. ಹತ್ತಿಯ ಎಳೆ ಈಗ ಸುತ್ತೂ ನುಣ್ಣಗೆ ಓಡಾಡಿತು. ಹೊಳೆಗೆ ಹೊಸ ನೀರು ಬರುವಷ್ಟರಲ್ಲಿ ಇನ್ನೊಮ್ಮೆ ಕೊರ್ಲಹಳ್ಳಿಗೆ ಹೋದೆವು. ಮೊದಲು ನಾನು ಹೊಡೆದೆ. ಐದೂ ನನ್ನ ಮುಷ್ಟಿಯಷ್ಟು ಜಾಗದೊಳಗೆ ಬಂದವು. ಸಂತೋಷಕ್ಕೆ ಕೂಗಿಬಿಟ್ಟೆ, ಕೊಕ್ಕರೆಗಳು ಹಾರಿಹೋದವು.

ಆಮೇಲೆ ಮಾವನವರು ಮಲಗಿದರು. ಇಷ್ಟು ದಿನ ಬಂದೂಕಿನ ಮೇಲೆ ಅನುಮಾನವಿತ್ತು. ಇನ್ನು ಇಲ್ಲ. ಈಗ ಚೆಲ್ಲಿದರೆ ಚೆಲ್ಲಿದ್ದು ಅವರದೇ. ನಾನೇ ಹಟ ಹಿಡಿದು ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದೆ. ಅವರಿಗೂ ಅದು ಗೊತ್ತಿತ್ತು. ಮೊದಲ ಗುಂಡಿಗೆ ಬಹಳ ಹೊತ್ತು ತೆಗೆದುಕೊಂಡರು.

ಐದು ಮುಗಿಸಿ ಅವರು ಎದ್ದೇಳಲಿಲ್ಲ. "ನೀ ಹೋಗಿ ನೋಡು," ಎಂದರು.

ನಾನು ಕಾಗದ ಬಿಚ್ಚಿಕೊಂಡು ಬಂದು ಅವರ ಮುಂದೆ ಉಸುಕಿನ ಮೇಲೆ ಹಾಸಿದೆ. ಚುಕ್ಕೆಯಲ್ಲಿ ಒಂದು ತೂತೂ ಇರಲಿಲ್ಲ. ಅವರ ಮುಖ ಇಳಿಯಿತು. "ಹೇಳಿದ್ನೆಲ್ಲ," ಎಂದರು, "ಒಂದೂ ಇಲ್ಲ."

"ಚುಕ್ಕಿ ಯಾಕ ನೋಡ್ತೀರಿ? ಗುಂಪು ನೋಡ್ರಿ!" ಎಂದು ಹೆಚ್ಚುಕಡಿಮೆ ಬೈದೇ ಬೈದೆ. ಐದೂ ತೂತು ಚುಕ್ಕೆಯಿಂದ ಬಲಕ್ಕೆ, ಮೇಲೆ, ಒಂದು ಅಂಗೈ ಅಗಲದಲ್ಲಿ ಒಟ್ಟಿಗೆ ಕೂತಿದ್ದವು. ನನ್ನದಕ್ಕಿಂತ ತುಸು ದೊಡ್ಡ ಗುಂಪು. ಆದರೆ ಗುಂಪೇ. ಕೈ ನಡುಗುವವನು, ಕಣ್ಣು ಹೋದವನು ಅಂಥ ಗುಂಪು ಮಾಡಲಾರ. ಅವರು ಬೇರೆ ಮನುಷ್ಯ, ಗುರಿ ಹಿಡಿಯುವಾಗ ಬಂದೂಕಿಗೆ ಕೆನ್ನೆ ಆನಿಸುವ ರೀತಿ ಬೇರೆ, ಅದಕ್ಕೆ ಬೇರೆ ಕಡೆ ಬಿದ್ದಿವೆ. ಅದು ಕಬ್ಬಿಣ ಸರಿಸಿದರೆ ಹೋಗುವ ದೋಷ ಎಂದು ತಿಳಿಹೇಳಿದೆ.

ಅವರು ಒಂದೊಂದೇ ತೂತಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಅಂಗೈಯಿಂದ ಐದನ್ನೂ ಮುಚ್ಚಿದರು. ಕೈ ತೆಗೆದು ಮತ್ತೆ ಮುಚ್ಚಿದರು. ಮಗು ಆಡಿದ ಹಾಗೆ. ನಾನು ಹೊಳೆಯ ಕಡೆ ಮುಖ ಮಾಡಿ ನಿಂತೆ.

ಮುಂದಿನ ಗುರಿಯ ಕಬ್ಬಿಣವನ್ನು ಹಿತ್ತಾಳೆಯ ತುಂಡಿನಿಂದ ಕೂದಲೆಳೆಯಷ್ಟು ತಟ್ಟಿ ಸರಿಸಿದೆವು. ಹಿಂದಿನದನ್ನು ತುಸು ಇಳಿಸಿದೆವು. ಇನ್ನೂರು ಗಜಕ್ಕೆ ಹೋಗಿ ಮತ್ತೆ ಹೊಡೆದರು. ಅಲ್ಲಿ ಗುಂಪು ದುಪ್ಪಟ್ಟಾದರೂ ಚುಕ್ಕೆಯ ಸುತ್ತ ನಿಂತಿತು. ಸಂಜೆ ಗಾಳಿ ಎದ್ದಾಗ ಒಂದಷ್ಟು ಎಡಕ್ಕೆ ಹೋದವು. ಜೊಂಡು ಹುಲ್ಲು ಎಷ್ಟು ಬಾಗಿದರೆ ಗುಂಡು ಎಷ್ಟು ಸರಿಯುತ್ತದೆ ಎಂದು ಅವರೇ ನನಗೆ ಹೇಳಿದರು. ಅದು ಅವರಿಗೆ ಬೇಟೆಯ ಕಾಲದಿಂದ ಗೊತ್ತಿದ್ದ ವಿದ್ಯೆ. ನಮ್ಮ ಹವಾಲ್ದಾರರು ಅದನ್ನು ಕಲಿಸಿರಲಿಲ್ಲ.

ತಿರುಗಿ ಬಂದ ಮೇಲೆ ಲಾವಣಿಯ ಮಾತು ಮನೆಯಲ್ಲಿ ಕೇಳಲಿಲ್ಲ. ಮುಂಡರಗಿಯ ಸಂತೆಗೆ ಮೋಟಾರ್‌ಸೈಕಲ್ ಹೊರಬಿತ್ತು. ಅತ್ತೆ, "ಆ ಡಾಕ್ಟರ ಕೈಗುಣ ಛಲೋ ಐತಿ," ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾನು ತುಟಿ ಕಚ್ಚಿಕೊಂಡು ರೊಟ್ಟಿ ಬಡಿದೆ. ಆ ದಿನಗಳ ನನ್ನ ರೊಟ್ಟಿ ಬಲು ತೆಳ್ಳಗೆ ಬರುತ್ತಿದ್ದವು.

ಆದರೆ ದಸರೆ ಹತ್ತಿರವಾದಂತೆ ನನಗೆ ಒಂದೇ ಚಿಂತೆ. ಘಟ್ಟ ಹಾಕುವ ದಿನ ಅತ್ತೆ ನಿಂಬೆಹಣ್ಣು ತರುತ್ತಾರೆ. ಹೊಸ ಅಂಚಿಗೆ ಮತ್ತೆ ಹುಳಿ ಹತ್ತುತ್ತದೆ. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಹೇಳುವ ಹಾಗಿಲ್ಲ. ಮಾವನವರನ್ನು ಕೇಳಿದರೆ, "ನೋಡೂಣಂತ," ಎನ್ನುತ್ತಿದ್ದರು.

ಆ ದಿನ ಅತ್ತೆ ಲಕ್ಷ್ಮೇಶ್ವರದಿಂದ ಬಂದ ಹಣ್ಣುಗಳಲ್ಲಿ ದೊಡ್ಡದನ್ನೇ ಆರಿಸಿ, ಅರಿಶಿನ ಕುಂಕುಮ ಹಚ್ಚಿ, ಬಂದೂಕಿನ ಹತ್ತಿರ ಹೋದರು. ನನ್ನ ಕೈಯಲ್ಲಿದ್ದ ಹೂವಿನ ಬುಟ್ಟಿ ಹಾಗೇ ನಿಂತಿತು. ಮಾವನವರು ಚಾಪೆಯ ಮೇಲೆ ಕೂತಿದ್ದವರು ಎದ್ದು ಬಂದು ಕೈ ಚಾಚಿದರು.

"ಅದನ್ನ ಇಲ್ಲೆ ಕೊಡು."

"ಯಾಕ್ರಿ?"

"ಮಂದಿ ಕಣ್ಣು ಹಾಕೂದು ಬಂದೂಕಕ್ಕೋ ನನಗೋ? ನನಗ ಕಟ್ಟು. ಬಂದೂಕ ಏನು, ಕಬ್ಬಿಣ."

ಅತ್ತೆ ಅರೆಗಳಿಗೆ ಯೋಚಿಸಿದರು. ಅದರಲ್ಲಿ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ. ಹಣ್ಣನ್ನು ಗಂಡನ ಅಂಗಿಯ ಬೊಕ್ಕಣದಲ್ಲಿಟ್ಟು, ಮೇಲೆ ಕೈಯಿಟ್ಟು, ಏನೋ ಅಂದುಕೊಂಡರು. ಆ ಹತ್ತೂ ದಿನ ಮಾವನವರು ನಿಂಬೆಹಣ್ಣು ಹೊತ್ತು ತಿರುಗಿದರು. ಎತ್ತು ನೋಡಲು ಹೋದಾಗಲೂ, ಹಜಾಮತಿಗೆ ಕೂತಾಗಲೂ. ಬಿಳಿ ಅಂಗಿಗೆ ಹಳದಿ ಕಲೆ ಬಿತ್ತು. ಅತ್ತೆ ದಿನವೂ ಮುಟ್ಟಿ ನೋಡಿ, ಮೆತ್ತಗಾದರೆ ಹೊಸದು ಇಡುತ್ತಿದ್ದರು.

ಬನ್ನಿಯ ಸಂಜೆ ಹಳ್ಳದ ದಂಡೆಯಲ್ಲಿ ಎಂದಿನಂತೆ ಓಣಿ ಸೇರಿತ್ತು. ಹಿಂದಿನ ವರ್ಷ ಅರಳು ಮರಳು ಅಂದವನೇ ಮುಂದೆ ನಿಂತಿದ್ದ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು. ಮಾವನವರು ಆಚೆ ದಂಡೆಯ ಹುಲ್ಲನ್ನು ನೋಡಿದರು, ಒಂದು ಮೊಣಕಾಲೂರಿ ಕೂತರು, ಹುಲ್ಲು ಏಳುವವರೆಗೆ ಕಾದರು. ಅತ್ತೆ ನನ್ನ ಮುಂಗೈ ಹಿಡಿದಿದ್ದರು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು. ನನ್ನ ಗಂಡ ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದ.

ಗುಂಡು ಹಾರಿತು. ಕಲ್ಲಿನ ಅಂಚಿನಿಂದ ಚೂರುಗಳು ಎದ್ದವು, ಕಾಯಿ ಎರಡು ಹೋಳಾಗಿ ದಿಬ್ಬದಿಂದ ಕೆಳಗೆ ಉರುಳಿತು. ಜನ ಹೋ ಎಂದು ಕೂಗಿದರು. ಕಲ್ಲಿಗೆ ತಾಗಿ ಒಡೆಯಿತೋ, ಕಾಯಿಗೇ ತಾಗಿತೋ ಎಂದು ಅಲ್ಲೇ ವಾದ ಶುರು ಮಾಡಿದರು. ಮಾವನವರು ಎದ್ದು ಮೊಣಕಾಲಿನ ಮಣ್ಣು ಕೊಡವಿ ನನ್ನ ಕಡೆ ನೋಡಿ, "ನಾಕ ಬೆರಳು ಕೆಳಗ ಬಿತ್ತು," ಎಂದರು. ಮುಂಚಿನ ಮನುಷ್ಯನಾಗಿದ್ದರೆ ಅಷ್ಟನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅತ್ತೆ ನನ್ನ ಕೈ ಬಿಟ್ಟು ಜನರ ನಡುವೆಯೇ ನಡೆದುಹೋಗಿ ಗಂಡನ ಮುಂದೆ ನಿಂತರು. ನಾಲ್ಕು ಜನರ ಎದುರು ಗಂಡನ ಹತ್ತಿರ ನಿಂತು ಮಾತಾಡಿದವರಲ್ಲ ಅವರು. ಬೊಕ್ಕಣಕ್ಕೆ ಕೈ ಹಾಕಿ ಬಾಡಿದ ಹಣ್ಣನ್ನು ಹೊರತೆಗೆದು ಅಂಗೈಯಲ್ಲಿ ಹಿಡಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನೋಡ್ರಿ, ಇಷ್ಟು ವರ್ಷ ನಾ ತಪ್ಪ ಜಾಗಾದಾಗ ಇಟ್ಟಿದ್ನೆಲ್ರಿ," ಎಂದರು. "ಅದಕ್ಕ ಹಂಗಾತು. ನನ್ನಿಂದ ಆತು."

ಯಾರೂ ಹೇಳದೆ ಅವರು ನಾವು ಮುಚ್ಚಿಟ್ಟ ಮಾತಿಗೇ ಬಂದು ಮುಟ್ಟಿದ್ದರು.

ಮಾವನವರು ಬಂದೂಕನ್ನು ನನ್ನ ಕೈಗೆ ಕೊಟ್ಟು, ಆ ಹಣ್ಣನ್ನು ಅತ್ತೆಯ ಅಂಗೈಯಿಂದ ತೆಗೆದುಕೊಂಡು ಮತ್ತೆ ತಮ್ಮ ಬೊಕ್ಕಣದಲ್ಲಿ ಹಾಕಿಕೊಂಡರು.

"ಈಗ ಸರಿ ಜಾಗಾದಾಗ ಐತೆಲ್ಲ," ಎಂದರು. "ನಡಿ, ಬನ್ನಿಗೆ ಹೊತ್ತಾತು."